ಥ್ರಿಲ್ಲರ್ ಓದಿ ಓದಿ ಕೌನ್ಸೆಲರ್ ಮೇಲೇ ಅನುಮಾನ ಬಂದಾಗ

ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ ಒಬ್ಬರ ವಿಷಯ ಇದು. ಗುರುತು ಸಿಗಬಾರದು ಅಂತ ವಿವರ ಎಲ್ಲಾ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆನೂ ಇದೆ.

ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ ಅಂತ ಬಂದಿದ್ರು. ಮೊದಮೊದಲು ಚೆನ್ನಾಗೇ ಮಾತಾಡ್ತಿದ್ದೋರು ಇದ್ದಕ್ಕಿದ್ದ ಹಾಗೆ ಸುಮ್ನಾಗಿಬಿಟ್ರು. ನಾನು ಏನಾದ್ರೂ ಬರ್ಕೊಂಡ್ರೆ ಸಾಕು, ಮಾತು ಅರ್ಧಕ್ಕೇ ನಿಲ್ಲಿಸಿ ಪೆನ್ನನ್ನೇ ನೋಡೋರು, ಪೆನ್ ಕೆಳಗಿಟ್ಟ ಮೇಲೇ ಮುಂದಕ್ಕೆ ಹೇಳೋರು. ಒಂದಿನ ಕೇಳೇಬಿಟ್ರು: "ಮೇಡಂ, ನನ್ನ ಬಗ್ಗೆ ನಿಮಗೇನೋ ಗೊತ್ತಾಗಿದೆ, ಮುಚ್ಚಿಡ್ತಿದೀರ ಅಲ್ವಾ?"

ನೋಟ್‌ಬುಕ್ ಅವರ ಕಡೆ ತಿರುಗಿಸಿದೆ. "ರಾತ್ರಿ ಮೂರಕ್ಕೆ ಎಚ್ಚರ. ಅಕ್ಕನ ಜೊತೆ ಮಾತಿಲ್ಲ." ಅಷ್ಟೇ ಇತ್ತು. ಎರಡೆರಡು ಸಲ ಓದಿದ್ರು.

ಆಮೇಲೆ ಗೊತ್ತಾಗಿದ್ದು, ರಾತ್ರಿ ಮಲಗೋಕೆ ಮುಂಚೆ ಇವರು ಓದ್ತಿದ್ದಿದ್ದೆಲ್ಲಾ ಸೈಕಲಾಜಿಕಲ್ ಥ್ರಿಲ್ಲರ್, ಒಂದರಲ್ಲಿ ಥೆರಪಿಸ್ಟೇ ಪೇಷಂಟ್ ತಲೆ ಕೆಡಿಸ್ತಾನೆ, ಇನ್ನೊಂದರಲ್ಲಿ ಹಿಪ್ನಾಸಿಸ್ (ಸಮ್ಮೋಹನ) ಮಾಡಿದ ತಕ್ಷಣ ಮರೆತುಹೋಗಿದ್ದ ಕೊಲೆ ನೆನಪಾಗುತ್ತೆ. ನಾನು ಆಟ ಆಡಿಸ್ತಿದೀನಿ ಅನ್ನೋದಕ್ಕಿಂತ, ತಾವೇ ಏನೋ ಮಾಡಿ ಮರೆತಿರಬಹುದು ಅನ್ನೋ ಭಯನೇ ಇವರನ್ನ ಜಾಸ್ತಿ ತಿಂತಿತ್ತು.

ಓದೋದು ಬಿಟ್ಬಿಡಿ ಅಂತ ನಾನು ಹೇಳಲಿಲ್ಲ. ಯಾಕೆ ಇಂಥವೇ ಇಷ್ಟ ಅಂತ ಕೇಳಿದಾಗ ತುಂಬಾ ಹೊತ್ತಾದ ಮೇಲೆ ಹೇಳಿದ್ರು, ಹಿಂದೆ ಒಬ್ಬ ಕೌನ್ಸೆಲರ್ ಹತ್ರ ಹೇಳ್ಕೊಂಡಿದ್ದು ಮನೆಯವರ ಕಿವಿಗೆ ಬಿದ್ದಿತ್ತಂತೆ. ಅಂದ್ರೆ ಅನುಮಾನ ಹುಟ್ಟಿದ್ದು ಕಾದಂಬರಿಯಿಂದಲ್ಲ, ಕಾದಂಬರಿ ಅದಕ್ಕೊಂದು ರೂಪ ಕೊಡ್ತು. ಅವರಿಗೆ ಆಗಿದ್ದು ತಪ್ಪು, ಅದನ್ನ ಬಾಯಿಬಿಟ್ಟು ಹೇಳಿದೆ.

ಗುಟ್ಟು ಯಾವಾಗ ಮುರೀಬಹುದು ಅಂತಾನೂ ಹೇಳಿದೆ. ಯಾರದಾದ್ರೂ ಪ್ರಾಣಕ್ಕೆ ಅಪಾಯ ಇದ್ರೆ, ಮಗುವಿಗೆ ಹಿಂಸೆ ಆಗ್ತಿದ್ರೆ, ಕೋರ್ಟ್ ಕೇಳಿದ್ರೆ. ಅಮೆರಿಕದ ಟಾರಾಸಾಫ್ ಅನ್ನೋ ಹೆಸರಾಂತ ಕೇಸಲ್ಲಿ ಪೇಷಂಟ್ ಒಬ್ಬ ಯುವತಿಯನ್ನ ಕೊಲ್ತೀನಿ ಅಂತ ಥೆರಪಿಸ್ಟ್ ಹತ್ರ ಹೇಳಿದ್ದ, ಪೊಲೀಸರಿಗೆ ತಿಳಿಸಿದ್ರು ಆದ್ರೆ ಆಕೆಗೆ ಯಾರೂ ಹೇಳಲಿಲ್ಲ, 1969ರಲ್ಲಿ ಕೊಲೆ ಆಗೇಹೋಯ್ತು. ಅಪಾಯದಲ್ಲಿರೋರನ್ನ ಕಾಪಾಡೋ ಹೊಣೆ ಥೆರಪಿಸ್ಟ್‌ಗೂ ಇದೆ ಅಂತ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿದ್ದು ಇದಕ್ಕೇ. ಬೇರೆ ಬೇರೆ ಕಡೆ ಕಾನೂನು ಬೇರೆ ಇರುತ್ತೆ, ಹಾಗಾಗಿ ಮೊದಲ ದಿನವೇ ಕೇಳಿ ತಿಳ್ಕೊಳ್ಳೋದು ನಿಮ್ಮ ಹಕ್ಕು.

ಹಿಪ್ನಾಸಿಸ್ ವಿಷಯ: ನೆನಪು ಅನ್ನೋದು ರೆಕಾರ್ಡಿಂಗ್ ಅಲ್ಲ. 1995ರಲ್ಲಿ ಲಾಫ್ಟಸ್, ಪಿಕ್ರೆಲ್ ಅನ್ನೋ ಮನಶ್ಶಾಸ್ತ್ರ ಸಂಶೋಧಕರು 24 ಜನಕ್ಕೆ, ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ರಿ ಅಂತ ಸುಳ್ಳು ಘಟನೆಯೊಂದನ್ನ ನಿಜವಾದವುಗಳ ಜೊತೆ ಸೇರಿಸಿ ಕೊಟ್ರು, ಸುಮಾರು ಕಾಲುಭಾಗದವರು ಅದನ್ನ ಪೂರ್ತಿನೋ ಅರ್ಧಂಬರ್ಧನೋ "ನೆನಪು" ಮಾಡ್ಕೊಂಡ್ರು. ಹಿಪ್ನಾಸಿಸ್‌ನಲ್ಲಿ ಬಂದ ನೆನಪಿನ ಮೇಲೆ ನಂಬಿಕೆ ಜಾಸ್ತಿ ಆಗುತ್ತೆ, ಹಾಗಂತ ಅದು ನಿಜ ಅಂತೇನಿಲ್ಲ. ಇದನ್ನ ಕೇಳಿದ ಮೇಲೆ ಅವರು ಅತ್ತುಬಿಟ್ರು.

ನಾನು ಕೊಟ್ಟ ಸಲಹೆ ಇಷ್ಟೇ. ಥ್ರಿಲ್ಲರ್ ಹಗಲಲ್ಲಿ ಓದಿ, ಹಾಸಿಗೆಗೆ ತರಬೇಡಿ. ಅನುಮಾನ ಬಂದ್ರೆ ಒಳಗೇ ಇಟ್ಕೊಂಡು ನನ್ನನ್ನ ಪರೀಕ್ಷೆ ಮಾಡೋ ಬದಲು ಕೂತ ತಕ್ಷಣ ಅದನ್ನೇ ಮೊದಲು ಹೇಳಿ, ನನಗೆ ಬೇಜಾರಾಗಲ್ಲ. ನಿಜವಾಗಿ ಹುಷಾರಾಗಿರಬೇಕಾದ ಲಕ್ಷಣಗಳೇ ಬೇರೆ: ಹೊರಗಡೆ ಸಿಗೋಣ ಅನ್ನೋದು, ಸಾಲ ಕೇಳೋದು, ಮೈಮುಟ್ಟೋದು, "ಇಲ್ಲಿ ಮಾತಾಡಿದ್ದು ಯಾರಿಗೂ ಹೇಳ್ಬೇಡ" ಅಂತ ನಿಮಗೇ ಕಟ್ಟು ಹಾಕೋದು. ಗುಟ್ಟು ಕಾಯೋ ಹೊಣೆ ಕೌನ್ಸೆಲರ್‌ದು, ನಿಮ್ಮದಲ್ಲ. ಇಂಥದ್ದು ಒಂದು ಕಂಡ್ರೂ ಎದ್ದು ಬನ್ನಿ.

ಹಳೇ ಕೌನ್ಸೆಲರ್ ಮೇಲೆ ದೂರು ಕೊಡಬೇಕಾ ಅಂತ ಇನ್ನೂ ಯೋಚನೆ ಮಾಡ್ತಿದಾರೆ. ಏನೇನಾಯ್ತು, ಯಾವಾಗ ಅಂತ ನೆನಪಿರೋದನ್ನ ಮಾತ್ರ ಬರೆದಿಡಿ ಅಂದಿದೀನಿ, ಕೊಡೋದು ಬಿಡೋದು ಅವರ ತೀರ್ಮಾನ.