600 ಗಜದ ಗುರಿಗೆ ಯಾವ ತೋಟೆ?

ಪ್ರಶ್ನೆ: ನಾನು ಮಡಿಕೇರಿಯವನು, ಈಗ ಅಟ್ಲಾಂಟಾ ನಿವಾಸಿ. ಗ್ರೀನ್ ಕಾರ್ಡ್ ಇದೆ. 300ರಿಂದ 600 ಗಜದ ಗುರಿ ಸ್ಪರ್ಧೆಗೆ ಇಳಿಯುವ ಮನಸ್ಸಾಗಿದೆ. ತಂದೆಯವರು ಸೈನ್ಯದಲ್ಲಿ 7.62ರ ಎಸ್‌ಎಲ್‌ಆರ್ ರೈಫಲ್ ಹಿಡಿದವರು, ಹಾಗಾಗಿ ಹೆಚ್ಚುಕಡಿಮೆ ಅದೇ ತೋಟೆಯಾದ .308 ವಿಂಚೆಸ್ಟರ್ ಕೊಳ್ಳುವ ಆಸೆ. ಗೆಳೆಯರು 6.5 ಕ್ರೀಡ್‌ಮೋರ್ ಒಳ್ಳೆಯದು ಎನ್ನುತ್ತಾರೆ. ಫ್ಲಾಟಿನಲ್ಲಿ ವಾಸ, ಮನೆಯಲ್ಲೇ ತೋಟೆ ತುಂಬಿಕೊಳ್ಳುವ ಅನುಕೂಲವಿಲ್ಲ. ಏನು ಮಾಡಲಿ?

ಉತ್ತರ: ಗೆಳೆಯರ ಮಾತು ಕೇಳಿ. ನಿಮ್ಮ ಪರಿಸ್ಥಿತಿಗೆ 6.5 ಕ್ರೀಡ್‌ಮೋರ್ ಸರಿಯಾದ ಆಯ್ಕೆ. ನಾನು .308ರಲ್ಲೇ ಈ ಆಟ ಕಲಿತವನು, ಇಂದಿಗೂ ಅದನ್ನೇ ಹೊಡೆಯುತ್ತೇನೆ. ಅದರ ಮೇಲೆ ನನಗೆ ಮುನಿಸಿಲ್ಲ.

ಈ ದೂರದಲ್ಲಿ ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬುದು ದೊಡ್ಡ ವಿಷಯವಲ್ಲ. ದೂರ ಗೊತ್ತಿರುತ್ತದೆ, ದೂರದರ್ಶಕದ ತಿರುಗಣೆಯನ್ನು ಅಷ್ಟು ತಿರುಗಿಸಿದರೆ ಮುಗಿಯಿತು. ಆಟ ಕೆಡಿಸುವುದು ಅಡ್ಡಗಾಳಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ 600 ಗಜದಲ್ಲಿ .308ರ 168 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡನ್ನು ಸುಮಾರು 85 ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಕ್ರೀಡ್‌ಮೋರಿನ 140 ಗ್ರೇನ್ ಗುಂಡು ಉದ್ದ, ಸಪೂರ. ಅದು ಸರಿಯುವುದು 57 ಸೆಂಟಿಮೀಟರಿನ ಆಸುಪಾಸು. ಈಗ ಗಾಳಿಯ ಅಂದಾಜಿನಲ್ಲಿ ಗಂಟೆಗೆ 2 ಮೈಲಿ ತಪ್ಪಿತು ಎನ್ನಿ. ಹೊಸಬರಿಗೇನು, ಹಳಬರಿಗೂ ಅಷ್ಟು ತಪ್ಪುತ್ತದೆ. ಎಫ್-ಕ್ಲಾಸ್ ಸ್ಪರ್ಧೆಯ (ಮಲಗಿ, ಬಂದೂಕನ್ನು ಆಸರೆಯ ಮೇಲಿಟ್ಟು ಹೊಡೆಯುವುದು) 600 ಗಜದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 6 ಇಂಚು, ಒಂಬತ್ತರದು 12 ಇಂಚು, ಅಂದರೆ ನಡುವಿನಿಂದ ಅಂಚಿಗೆ ಸುಮಾರು 15 ಸೆಂಟಿಮೀಟರ್. ನಡುಮಧ್ಯಕ್ಕೆ ಇಟ್ಟ .308ರ ಗುಂಡು 17 ಸೆಂಟಿಮೀಟರ್ ಸರಿದು ಎಂಟರೊಳಗೆ ಬೀಳುತ್ತದೆ. ಅದೇ ತಪ್ಪಿಗೆ ಕ್ರೀಡ್‌ಮೋರಿನ ಗುಂಡು 11 ಸೆಂಟಿಮೀಟರ್ ಚಿಲ್ಲರೆ ಸರಿದು ಒಂಬತ್ತರಲ್ಲೇ ಉಳಿಯುತ್ತದೆ. ಇಡೀ ಪಂದ್ಯದಲ್ಲಿ ಇದು ಎಷ್ಟು ಅಂಕವಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

2007ರಲ್ಲಿ ಹಾರ್ನಡಿ ಕಂಪನಿ ಈ ತೋಟೆಯನ್ನು ತಂದದ್ದೇ ಗುರಿ ಸ್ಪರ್ಧೆಯವರಿಗಾಗಿ. ತೋಟೆಯ ಹಿತ್ತಾಳೆ ಕವಚವನ್ನು ಗಿಡ್ಡ ಮಾಡಿ, ಉದ್ದನೆಯ ಗುಂಡಿಗೆ ಮ್ಯಾಗಜಿನ್‌ನಲ್ಲಿ ಜಾಗ ಬಿಟ್ಟರು. ಅಂಗಡಿಯಿಂದ ತಂದ ಪೆಟ್ಟಿಗೆಯ ಮ್ಯಾಚ್ (ಸ್ಪರ್ಧೆಗೆಂದೇ ಮಾಡಿದ) ತೋಟೆಯೇ ಇದರಲ್ಲಿ ಗುಂಡುಗಳನ್ನು ಒತ್ತೊತ್ತಾಗಿ, ಒಳ್ಳೆಯ ಗುಂಪಾಗಿ ಕೂರಿಸುತ್ತದೆ. ಫ್ಲಾಟಿನಲ್ಲಿರುವ ನಿಮಗೆ ಇದೊಂದೇ ಕಾರಣ ಸಾಕು. ಹೆಗಲಿಗೆ ಒದೆತವೂ ಕಡಿಮೆ.

ಆದರೆ ಮೊದಲು ನಿಮ್ಮ ಕ್ಲಬ್ಬಿನಲ್ಲಿ ಯಾವ ವಿಭಾಗ ನಡೆಯುತ್ತದೆ ಎಂದು ವಿಚಾರಿಸಿ. ಎಫ್-ಕ್ಲಾಸಿನ ಎಫ್-ಟಿಆರ್ ವಿಭಾಗದಲ್ಲಿ .308 ಮತ್ತು .223 ರೆಮಿಂಗ್ಟನ್ ಎರಡಕ್ಕೇ ಪ್ರವೇಶ. ಅಲ್ಲಿಯೇ ಸ್ಪರ್ಧಿಸುವ ಹಟವಿದ್ದರೆ .308 ಕೊಳ್ಳಿ, ನಾನು ಬೇಡ ಎನ್ನುವುದಿಲ್ಲ. ಅದರ ನಳಿಗೆ 5,000 ಈಡು ದಾಟಿಯೂ ಬಾಳುತ್ತದೆ; ಕ್ರೀಡ್‌ಮೋರಿನದು ಸ್ಪರ್ಧೆಯ ಮಟ್ಟದಲ್ಲಿ ಅದರ ಅರ್ಧ ಬಾಳಿದರೆ ಹೆಚ್ಚು. .223 ಅಗ್ಗ, ಮೃದು, ಕಲಿಯಲು ಬಹಳ ಒಳ್ಳೆಯದು. ಆದರೆ 77 ಗ್ರೇನಿನ ಭಾರದ ಗುಂಡು, ಒಳಗಿನ ಸುರುಳಿ ಗೆರೆ 8 ಇಂಚಿಗೆ ಒಂದು ಸುತ್ತು ಹಾಕುವ ನಳಿಗೆ ಇದ್ದರೆ ಮಾತ್ರ 600 ಗಜದ ಮಾತು.

ಅಟ್ಲಾಂಟಾದಿಂದ ಕಾರಿನಲ್ಲಿ ಎರಡು ಗಂಟೆಯ ಆಸುಪಾಸಿನಲ್ಲಿ ಅಲಬಾಮಾದ ಟಾಲಡೀಗಾ ಮಾರ್ಕ್ಸ್‌ಮನ್‌ಶಿಪ್ ಪಾರ್ಕ್ ಇದೆ. 600 ಗಜದ ಮೈದಾನ, ಎಲೆಕ್ಟ್ರಾನಿಕ್ ಗುರಿಗಳು. ಗುಂಡು ಬಿದ್ದ ಜಾಗ ಪಕ್ಕದ ಪರದೆಯಲ್ಲೇ ಕಾಣುತ್ತದೆ. ಬಂದೂಕು ಕೊಳ್ಳುವ ಮೊದಲೇ ಅಲ್ಲಿಗೆ ಹೋಗಿ, ಬೇರೆಯವರ ಹಿಂದೆ ಕುಳಿತು ದುರ್ಬೀನಿನಲ್ಲಿ ಬಿಸಿಲ ಝಳ ನೋಡಿ. ಗಾಳಿ ಎಡದಿಂದ ಬಂದರೆ ಝಳ ಬಲಕ್ಕೆ ಹರಿಯುತ್ತದೆ. ಗಾಳಿ ಬಲವಾದಷ್ಟೂ ಅದು ನೆಲಕ್ಕೆ ಒರಗುತ್ತದೆ. ಒಮ್ಮೆಗೇ ನೆಟ್ಟಗೆ ಮೇಲಕ್ಕೆ ಕುದಿಯತೊಡಗಿದರೆ ಗಾಳಿ ದಿಕ್ಕು ಬದಲಿಸುತ್ತಿರಬಹುದು. ಆಗ ಬಂದೂಕಿನ ಕುದುರೆಯಿಂದ (ಟ್ರಿಗರ್) ಬೆರಳು ತೆಗೆದು ಕಾಯಿರಿ. ಇದು ಕಣ್ಣಿಗೆ ಹತ್ತಿದವರು ಯಾವ ತೋಟೆಯಲ್ಲಾದರೂ ಗೆಲ್ಲುತ್ತಾರೆ.

ತಂದೆಯವರ ನೆನಪಿಗಾಗಿ .308 ಮುಂದೆ ಯಾವಾಗಲಾದರೂ ಕೊಂಡುಕೊಳ್ಳಿ. ಅದು ಆಸೆ ಪಡತಕ್ಕ ಬಂದೂಕೇ.

ಪ್ರಶ್ನೆ: ಷಾರ್ಲಟ್‌ನಲ್ಲಿದ್ದೇನೆ, ಎಚ್-1ಬಿ ವೀಸಾ. ನಾನೂ ಸೇರಬಹುದೇ?

ಉತ್ತರ: ಅವಸರ ಬೇಡ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು. ಗೆಳೆಯನ ಬಂದೂಕನ್ನು ಐದು ನಿಮಿಷ ಕೈಗೆ ತೆಗೆದುಕೊಂಡರೂ ತೊಡಕಾದೀತು. ಮೊದಲು ವಕೀಲರನ್ನು ಕೇಳಿ. ಅಲ್ಲಿಯವರೆಗೆ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡಿ. ಉಸಿರು, ಕುದುರೆ ಎಳೆಯುವ ಹದ, ಗುಂಡು ಹಾರಿದ ಮೇಲೂ ಅಲುಗದಿರುವುದು, ಎಲ್ಲವನ್ನೂ ಅದರಲ್ಲೇ ಕಲಿಯಬಹುದು.

ಇಬ್ಬರಿಗೂ ಒಂದು ಮಾತು: ಮೈದಾನಕ್ಕೆ ಒಯ್ಯುವ ಚೀಲವನ್ನು ಊರಿಗೆ ಹೋಗುವಾಗ ಬಳಸಬೇಡಿ. ಚೀಲದ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆಯಾಗಬಹುದು.