ಬ್ಯಾಡಗಿ ಮೆಣಸಿನಕಾಯಿ ಬಣ್ಣ ಉಳಿಯಬೇಕಂದ್ರೆ

ಬೇಸಿಗೆಯಲ್ಲಿ ತಂದ 5 ಕೆಜಿ ಬ್ಯಾಡಗಿ ಮೆಣಸಿನಕಾಯಿ ಮಳೆಗಾಲದ ಹೊತ್ತಿಗೆ ಮಂಕಾಯಿತು, ಗಾಜಿನ ಭರಣಿಯಲ್ಲಿ ಕಿಟಕಿ ಪಕ್ಕ ಇಟ್ಟಿದ್ದೆ ಅಂತ ಬರೆದಿದ್ದೀರಿ. ಆ ಬೆಳಕೇ ಕೆಡಿಸಿದ್ದು ನೋಡ್ರಿ. ಬ್ಯಾಡಗಿಗೆ ಬೆಲೆ ಇರೋದು ಬಣ್ಣಕ್ಕೆ, ಖಾರಕ್ಕಲ್ಲ, ಬೆಳಕು ಬಿಸಿ ಎರಡೂ ಆ ಕೆಂಪನ್ನೇ ಮೊದಲು ತಿನ್ನುತ್ತವೆ, ಅದಕ್ಕೇ ಬ್ಯಾಡಗಿ, ಹುಬ್ಬಳ್ಳಿ ಕಡೆ ವ್ಯಾಪಾರಿಗಳು ಚೀಲಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ.

ಮನೆಯಲ್ಲಾದರೆ ಮೊದಲು ಚೆನ್ನಾಗಿ ಒಣಗಿಸಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಿಲಗಿಲ ಅನ್ನಬೇಕು. ಬಿಸಿ ಆರಿದ ಮೇಲೆ ತೊಟ್ಟು ಬಿಡಿಸದೆ ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿಯಾಗಿರಲಿ, ಒಲೆಯಿಂದ ದೂರ ಇಡಿ. ಫ್ರಿಜ್‌ನಲ್ಲಿ ಜಾಗ ಇದ್ದರೆ ಇನ್ನೂ ಒಳ್ಳೇದು. ಪುಡಿ ಮಾತ್ರ ಜಾಸ್ತಿ ಮಾಡಿಸಬೇಡಿ, ಬೇಗ ಮಂಕಾಗುತ್ತದೆ. ಈಗಿರೋ ಕಾಯಿ ಸೀಳಿ ನೋಡಿ, ಒಳಗೆ ಬೂಸ್ಟು ಕಂಡರೆ ತೊಳೆದು ಒಣಗಿಸಿ ಬಳಸೋಕೆ ಹೋಗಬೇಡಿ, ಎಸೆದುಬಿಡಿ.