ಚಾವೇಲಾ ವರ್ಗಾಸ್ ಅವರನ್ನು ಕೇಳಲು ಎಲ್ಲಿಂದ ಶುರು ಮಾಡಬೇಕು?

‘ಮೆಕ್ಸಿಕೋದ ಗಾಯಕಿ ಚಾವೇಲಾ ಅವರ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಕಛೇರಿ ಕೇಳಿದೆ. ಸ್ಪ್ಯಾನಿಷ್ ಬರಲ್ಲ. ಅಜ್ಜಿ ಗೋಳಾಡಿದ ಹಾಗಿತ್ತು. ಇಷ್ಟೊಂದು ಹೆಸರು ಯಾಕೆ?’ ಎಂದು ಕೇಳಿದ್ದೀರಿ. ಶುರು ಮಾಡಿದ್ದೇ ಕೊನೆಯಿಂದ ಸಾರ್. ಅದು 2003ರದ್ದು, ಆಗ ಅವರಿಗೆ ಎಂಬತ್ತು ದಾಟಿತ್ತು.

ಮೊದಲು ಮೆಕ್ಸಿಕೋದ ಇನ್ನೊಬ್ಬ ಗಾಯಕಿ ಲೋಲಾ ಬೆಲ್ತ್ರಾನ್ ಹಾಡಿದ ‘ಪಲೋಮಾ ನೇಗ್ರಾ’ ಹಾಕಿ. ಟ್ರಂಪೆಟ್, ಪಿಟೀಲು, ದಪ್ಪ ಹೊಟ್ಟೆಯ ಗಿಟಾರೋನ್, ಪೂರ್ತಿ ಮರಿಯಾಚಿ ಮೇಳ. ಮೆಕ್ಸಿಕೋದ ಜನಪ್ರಿಯ ಹಾಡಿನ ಶೈಲಿ ರಾಂಚೇರಾ ಸಾಮಾನ್ಯವಾಗಿ ಹೀಗೇ ಮೆರೆಯುತ್ತದೆ. ಆಮೇಲೆ ಅದೇ ಹಾಡನ್ನು ಚಾವೇಲಾ ದನಿಯಲ್ಲಿ ಕೇಳಿ. ಮೇಳ ಮಾಯ, ಗಿಟಾರ್ ಮಾತ್ರ. ತಾಳವನ್ನು ಬೇಕಾದಂತೆ ಎಳೆಯುತ್ತಾರೆ. ಒಂದು ಪದ ಪಿಸುಮಾತು, ಮುಂದಿನದು ಚೀರಾಟ. ನಡುವೆ ಸುಮ್ಮನಾಗುತ್ತಾರಲ್ಲ, ಅಲ್ಲಿ ಕಿವಿ ಕೊಡಿ. ಟ್ರಂಪೆಟ್ ಇದ್ದಿದ್ದರೆ ಆ ಜಾಗ ತುಂಬಿಹೋಗುತ್ತಿತ್ತು.

ಹುಟ್ಟಿದ್ದು 1919ರಲ್ಲಿ, ಕೋಸ್ಟರಿಕಾದಲ್ಲಿ. ಹದಿಹರೆಯದಲ್ಲೇ ಮೆಕ್ಸಿಕೋಗೆ ಬಂದು ಬೀದಿಯಲ್ಲಿ ಹಾಡಿದರು. ಗಾಯಕಿಯರು ಲಂಗ ತೊಟ್ಟು ಸಿಂಗರಿಸಿಕೊಂಡು ಬರುತ್ತಿದ್ದ ಕಾಲದಲ್ಲಿ ಇವರು ಪ್ಯಾಂಟ್ ಹಾಕಿ, ಮೇಲೆ ಕೆಂಪು ಹೊರೊಂಗೊ ಹೊದ್ದು ನಿಂತರು. ನಡುವಿನ ಸೀಳಲ್ಲಿ ತಲೆ ತೂರಿಸಿ ಹೊದೆಯುವ ಕಂಬಳಿ ಅದು. ಗಂಡು ಹೆಣ್ಣಿಗಾಗಿ ಹಾಡುವ ಸಾಲುಗಳನ್ನು ಒಂದಕ್ಷರ ಬದಲಿಸದೆ ಹಾಡಿದರು. ಕೇಳುವವರಿಗೆ ವಿಷಯ ಗೊತ್ತಾಗುತ್ತಿತ್ತು. ಹೆಂಗಸರೇ ನನಗಿಷ್ಟ ಎಂದು ಬಾಯಿಬಿಟ್ಟು ಹೇಳಿದ್ದು ಮಾತ್ರ ಇಳಿವಯಸ್ಸಿನಲ್ಲಿ.

ಹಾಡು ಕಟ್ಟುತ್ತಿದ್ದ ಹೊಸೆ ಆಲ್ಫ್ರೆಡೊ ಹಿಮೆನೆಸ್ ಇವರ ಗೆಳೆಯ, ಟೆಕಿಲಾ ಜೊತೆಗಾರ ಕೂಡ. ಕುಡಿತ ಜಾಸ್ತಿಯಾಗಿ 70ರ ದಶಕದಲ್ಲಿ ವೇದಿಕೆಯೇ ತಪ್ಪಿತು. ಸತ್ತೇ ಹೋಗಿದ್ದಾರೆ ಎಂದುಕೊಂಡವರೂ ಇದ್ದರು. 1991ರಲ್ಲಿ ಮೆಕ್ಸಿಕೋ ಸಿಟಿಯ ಕೊಯೊಆಕಾನ್‌ನ ಒಂದು ಪುಟ್ಟ ಕ್ಲಬ್ಬಿನಲ್ಲಿ ಮತ್ತೆ ಹಾಡಿದರು. ಸ್ಪೇನಿನ ನಿರ್ದೇಶಕ ಅಲ್ಮೋದೋವರ್ ತಮ್ಮ ಸಿನಿಮಾಗಳಲ್ಲಿ ಇವರ ದನಿ ಬಳಸಿ, ಅಲ್ಲಿನವರಿಗೂ ಹತ್ತಿರ ಮಾಡಿದರು. ತೀರಿಕೊಂಡಿದ್ದು 2012ರಲ್ಲಿ, 93ನೇ ವಯಸ್ಸಿನಲ್ಲಿ.

ಹಾಗಾಗಿ ಈಗ 1961ರ ಮೊದಲ ಆಲ್ಬಮ್ ‘ನೋಚೆ ದೆ ಬೊಹೆಮಿಯಾ’ ಹಿಡಿಯಿರಿ. ದನಿ ಗಟ್ಟಿಯಾಗಿದೆ, ತುಂಬಿಕೊಂಡಿದೆ. ಅದರ ಪರಿಚಯ ಆದಮೇಲೆ 90ರ ದಶಕದ ರೆಕಾರ್ಡಿಂಗ್‌ಗಳು. ‘ಲಾ ಯೊರೋನಾ’ ಹಾಡನ್ನು ಎರಡೂ ಕಾಲದ್ದು ಅಕ್ಕಪಕ್ಕ ಕೇಳಿ. ದನಿ ಒಡೆದಿದೆ ನಿಜ, ಆದರೆ ಎಲ್ಲಿ ತಡೆಯಬೇಕು ಎಂಬ ಲೆಕ್ಕ ಇನ್ನೂ ಹರಿತ ಆಗಿದೆ. ನನಗೆ ಎರಡನೆಯದೇ ಹೆಚ್ಚು.

ಭಾಷೆಯ ಚಿಂತೆ ಬೇಡ. ಹಾಡಿಗೆ ಮೊದಲು ಅರ್ಥ ಒಮ್ಮೆ ಓದಿಕೊಂಡರೆ ಸಾಕು, ಕೇಳುವಾಗ ಪರದೆ ನೋಡಬೇಡಿ. ಫೋನ್ ಸ್ಪೀಕರಿನಲ್ಲಿ ಪಿಸುಮಾತು ಕೇಳುವುದೇ ಇಲ್ಲ, ಚೀರಾಟ ಮಾತ್ರ ಬರುತ್ತದೆ. ಹೆಡ್‌ಫೋನ್ ಹಾಕಿ.